ನಾನು ತುಂಬಿದ ಚುಕ್ಕಿ

ಕಳೆದ ವಾರ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಕೈಜಾರಿ ಬಿದ್ದು ಒಡೆಯಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಪೊರಕೆ ಹಿಡಿದುಕೊಂಡವಳು ಆ ಹುಳಿ ವಾಸನೆಯ ನಡುವೆ ಹಾಗೆಯೇ ನಿಂತುಬಿಟ್ಟೆ. ಮಮ್ಮಿ, ಗಾಜು ತಾಗಿತಾ ಎಂದು ಅವಳು ಎರಡು ಸಲ ಕೇಳಿದಳಂತೆ, ನನಗೆ ಕೇಳಿಸಲಿಲ್ಲ. ಅದು ಬಹ್ರೇನಿನ ಮನಾಮಾದ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ಸ್ಟುಡಿಯೋದ ಡಾರ್ಕ್ ರೂಮಿನ ವಾಸನೆ. ಫೋಟೋ ಕಾಗದವನ್ನು ಒಂದು ಟ್ರೇಯಿಂದ ಇನ್ನೊಂದಕ್ಕೆ ಹಾಕುವ ಮೊದಲು ಅದ್ದಿ ತೆಗೆಯುವ ನೀರು ಹೀಗೆಯೇ ನಾರುತ್ತಿತ್ತು. ಆ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಕಂದಿಹೋಗಿದ್ದ ಒಬ್ಬರಿದ್ದರು...

ಅವರನ್ನು ನಾವೆಲ್ಲ ಫೋಟೋದಣ್ಣ ಎನ್ನುತ್ತಿದ್ದೆವು. ಗಂಗೊಳ್ಳಿ ಕಡೆಯವರು, ಮೀನುಗಾರರ ಮನೆಯವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬಹ್ರೇನಿಗೆ ಹೋದಾಗ ಅವರು ಆ ಸ್ಟುಡಿಯೋದಲ್ಲಿ ಆಗಲೇ ಹಳಬರು. ನನ್ನ ಗಂಡ ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವರು ಬೆಳಿಗ್ಗೆ ಹೋದರೆ ಸಂಜೆಯವರೆಗೆ ನನಗೆ ಮಾತಾಡಲು ಗೋಡೆ ಬಿಟ್ಟರೆ ಬೇರೆ ಯಾರೂ ಇಲ್ಲ. ಬಾಯಿ ಸುಮ್ಮನಿದ್ದರೆ ಕೈಯಾದರೂ ಆಡಬೇಕಲ್ಲ, ಸಿಕ್ಕಿದ ಬಟ್ಟೆಗೆಲ್ಲ ಕಸೂತಿ ಹಾಕುತ್ತಿದ್ದೆ. ವೀಸಾದ ಫೋಟೋ ತೆಗೆಸಲು ಹೋದ ದಿನ ಅಣ್ಣ ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ, ಸೆರಗಿನ ಅಂಚಿನ ಹೂವುಗಳನ್ನೇ ನೋಡಿದರು. ಯಾರು ಹಾಕಿದ್ದು ಎಂದು ಕೇಳಿದರು. ನಾನೇ ಎಂದೆ. ಹಾಗಾದರೆ ನಾಳೆಯಿಂದ ಕೆಲಸಕ್ಕೆ ಬನ್ನಿ ಬಾಯಮ್ಮ ಎಂದರು. ಕ್ರೈಸ್ತ ಹೆಂಗಸರನ್ನು ನಮ್ಮ ಕರಾವಳಿಯಲ್ಲಿ ಮರ್ಯಾದೆಗೆ ಹಾಗೆ ಕರೆಯುವುದುಂಟು. ಆದರೆ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ಹಾಗೆ ಕರೆದರೆ ಯಾರಿಗೆ ಖುಷಿ? ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಆಮೇಲೆ ಆ ಸ್ಟುಡಿಯೋದಲ್ಲಿ ಅದೇ ನನ್ನ ಹೆಸರಾಯಿತು.

ನನ್ನ ಕೆಲಸ ಚುಕ್ಕಿ ತುಂಬುವುದು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಕ್ಯಾಮೆರಾದ ಒಳಗೆ ಫಿಲ್ಮಿನ ಮೇಲೆ ಎಲ್ಲಿ ಧೂಳು ಕೂತಿತೋ ಅಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದ ಹಾಗೆ ಕಾಣುತ್ತಿತ್ತು. ಬಹ್ರೇನಿನ ಗಾಳಿಯೆಂದರೆ ಅರ್ಧ ಧೂಳು, ಅರ್ಧ ಉಪ್ಪು, ಹಾಗಾಗಿ ಚುಕ್ಕಿಗಳಿಗೆ ಬರವಿರಲಿಲ್ಲ. ನೆಗೆಟಿವ್‌ನಲ್ಲಿ ಬೆಳಕಿದ್ದದ್ದು ಕಪ್ಪು, ಕಪ್ಪಿದ್ದದ್ದು ಬೆಳಕು. ಅಲ್ಲಿಯ ಒಂದು ತೂತು ಕಾಗದಕ್ಕೆ ಬಂದಾಗ ಕಪ್ಪು ಚುಕ್ಕಿಯಾಗಿ ಕೂರುತ್ತಿತ್ತು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ನೆಗೆಟಿವ್ ಇಟ್ಟು, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ನಾಲ್ಕು ಕೂದಲಿನ ಕುಂಚ ಹಿಡಿದು, ಬಣ್ಣ ತಾಗಿಸಿ ತಾಗಿಸಿ ಸುತ್ತಲಿನದಕ್ಕೆ ಹೊಂದಿಸಿ ಮುಚ್ಚಬೇಕು. ಬಣ್ಣ ಫಿಲ್ಮಿನ ಪದರದೊಳಗೇ ಇಳಿದುಬಿಡುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಅಣ್ಣ ಮೂರು ತಿಂಗಳು ಕೂತು ಕಲಿಸಿದರು. ನಾಲ್ಕನೆಯ ತಿಂಗಳು ನನ್ನ ಕೆಲಸವನ್ನು ಭೂತಗನ್ನಡಿಯಲ್ಲಿ ಹುಡುಕಿದರೂ ಅವರಿಗೆ ಸಿಗುತ್ತಿರಲಿಲ್ಲ. ನನಗೆ ಜಂಭ ಬಂತು, ಇಲ್ಲವೆನ್ನುವುದಿಲ್ಲ.

ವಾರವಿಡೀ ಅವರು ಪಾಸ್‌ಪೋರ್ಟ್ ಫೋಟೋ ತೆಗೆಯುವವರು, ಗಲ್ಲ ಮೇಲೆ, ಕಣ್ಣು ಇಲ್ಲಿ ಎನ್ನುವವರು. ಶುಕ್ರವಾರ ಬಂದರೆ ಮನುಷ್ಯ ಬೇರೆಯೇ. ರಜೆಯ ದಿನ ಇಂಗ್ಲಿಷಿನವರೂ ಅವಾಲಿಯ ತೈಲ ಕಂಪೆನಿಯ ಸಾಹೇಬರೂ ಬಂದರಿನ ಹತ್ತಿರ ಹಾಯಿದೋಣಿಗಳ ಪಂದ್ಯ ಇಡುತ್ತಿದ್ದರು. ಸ್ಕಿಫ್ ಎಂದು ಅವರು ಕರೆಯುತ್ತಿದ್ದ ಹಗುರವಾದ ದೋಣಿಗಳು. ದೋಣಿ ಚಿಕ್ಕದು, ಹಾಯಿ ಮಾತ್ರ ಅದಕ್ಕೆ ಹೇಳಿ ಮಾಡಿಸಿದ್ದಲ್ಲ ಎನ್ನುವಷ್ಟು ದೊಡ್ಡದು. ಗಾಳಿ ಬಂದರೆ ಮಗುಚುತ್ತದೆ, ಅದಕ್ಕೆ ಒಳಗಿದ್ದವರೆಲ್ಲ ಒಂದು ಬದಿಯ ಅಂಚಿಗೆ ಕಾಲು ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ ನೇತಾಡಬೇಕು. ಅಲ್ಲಿಯವರೆಗೆ ಈ ಪಂದ್ಯಗಳ ಫೋಟೋ ಎಂದರೆ ಯಾವಳೋ ಮೇಡಂ ದಡದಲ್ಲಿ ನಿಂತು ತೆಗೆದದ್ದು, ದೋಣಿ ಯಾವುದು ಅಲೆ ಯಾವುದು ಗೊತ್ತಾಗುತ್ತಿರಲಿಲ್ಲ. ಲಾಂಚಿನಲ್ಲಿ ಹತ್ತಿರ ಹೋಗಿ, ನೀರಿನ ಮಟ್ಟಕ್ಕೆ ಬಗ್ಗಿ ತೆಗೆದವರಲ್ಲಿ ಆ ಬಂದರಿನಲ್ಲಿ ನಮ್ಮ ಅಣ್ಣನೇ ಮೊದಲಿಗರು ಎಂದು ನಾನು ನಂಬಿದ್ದೇನೆ. ಅಲ್ಲ ಎನ್ನುವವರಿದ್ದರೆ ಬಂದು ನನ್ನ ಹತ್ತಿರ ಹೇಳಲಿ.

ಅವರದ್ದು ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ. ಎದೆಯ ಮೇಲೆ ತೂಗುಹಾಕಿಕೊಂಡು ಮೇಲಿನಿಂದ ಗಾಜಿನೊಳಗೆ ನೋಡಬೇಕು. ಆ ಗಾಜಿನಲ್ಲಿ ಎಲ್ಲವೂ ಎಡಬಲ ಅದಲುಬದಲು, ಬಲಕ್ಕೆ ಓಡುವ ದೋಣಿ ಎಡಕ್ಕೆ ಓಡುತ್ತದೆ. ಒಮ್ಮೆ ನಾನೂ ಲಾಂಚಿಗೆ ಹತ್ತಿ ಅದರಲ್ಲಿ ನೋಡಿದೆ, ಐದು ನಿಮಿಷದಲ್ಲಿ ಬೆಳಿಗ್ಗೆ ತಿಂದದ್ದೆಲ್ಲ ಕಡಲಿಗೆ ಹೋಯಿತು. ಅಣ್ಣನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಗಾಳಿ ಕೆನ್ನೆಗೆ ತಾಗುವುದರಲ್ಲೇ, ಈಗ ಆ ದೋಣಿ ತಿರುಗುತ್ತದೆ, ಈಗ ಅವನು ಹಾಯಿ ಬಿಡುತ್ತಾನೆ ಎಂದು ಹೇಳುತ್ತಿದ್ದರು. ಒಂದು ರೋಲಿಗೆ ಹನ್ನೆರಡೇ ಫೋಟೋ, ಹಾಗಾಗಿ ಸುಮ್ಮಸುಮ್ಮನೆ ಒತ್ತುವ ಹಾಗಿಲ್ಲ. ಊರಿನಲ್ಲಿ ದೋಣಿ ಮೀನಿಗೆ ಹೋಗುತ್ತದೆ, ಇವರದ್ದು ಹೊರಟಲ್ಲಿಗೇ ವಾಪಸು ಬರಲು ಹೋಗುತ್ತದೆ ಎಂದು ಸಾಹೇಬರನ್ನು ನಗಾಡುತ್ತಿದ್ದರು. ಆದರೆ ಆ ಹಾಯಿಗಳನ್ನು ನೋಡುವಾಗ ಅವರ ಮುಖದಲ್ಲಿ ಏನೋ ಆಸೆ ಇರುತ್ತಿತ್ತು.

ಶನಿವಾರ ಆ ನೆಗೆಟಿವ್‌ಗಳು ನನ್ನ ಮೇಜಿಗೆ. ಪಂದ್ಯ ಇಡುವ ಕ್ಲಬ್ಬಿನ ಬೋರ್ಡಿಗೆ ಹಾಕಲು ಸೋಮವಾರ ಫೋಟೋ ಕೊಡಬೇಕು. ಮುಖದ ಮೇಲಿನ ಮಚ್ಚೆ ಬೇಕಾದರೆ ಇರಲಿ, ಕಡಲು ಮಾತ್ರ ಚೊಕ್ಕವಿರಬೇಕು ಎಂಬುದು ಅಣ್ಣನ ಕಟ್ಟಪ್ಪಣೆ. ಬಿಳಿ ನೀರಿನ ಮೇಲೆ ಒಂದು ಕಪ್ಪು ಚುಕ್ಕಿ ಉಳಿದರೂ ನೋಡುವವರ ಕಣ್ಣು ಹಾಯಿ ಬಿಟ್ಟು ಅಲ್ಲಿಗೇ ಹೋಗುತ್ತದಂತೆ. ಹಾಗೆ ನಾನು ವಾರ ವಾರ ಬಹ್ರೇನಿನ ಕಡಲನ್ನು ಗುಡಿಸಿ ಒರೆಸಿ ಕೊಡುತ್ತಿದ್ದೆ.

ಇನ್ನು ಅವರ ಭಾವನ ಸಂಗತಿ. ಅಣ್ಣನ ಒಬ್ಬಳೇ ತಂಗಿಯ ಗಂಡ. ವೀಸಾ ಮಾಡಿ ಕರೆಸಿದ್ದು ಅಣ್ಣನೇ. ಟುಬ್ಲಿಯಲ್ಲಿ ದೋಣಿ ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಅಣ್ಣನ ರೂಮಿನಲ್ಲೇ ವಾಸ. ಆನೆಯಂಥ ಆಳು, ಮಾತು ಕಡಿಮೆ, ನಗು ಹೆಚ್ಚು. ನಮ್ಮ ಮನೆಗೆ ಊಟಕ್ಕೆ ಕರೆದರೆ ಇನ್ನು ಸಾಕು ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ, ನಾನೇ ಪಾತ್ರೆ ಮಗುಚಿ ತೋರಿಸಬೇಕಿತ್ತು. ಅವನ ಅರ್ಬಾಬನಿಗೆ, ಎಂದರೆ ವರ್ಕ್‌ಶಾಪಿನ ಯಜಮಾನನಿಗೆ, ಒಂದು ಪಂದ್ಯದ ದೋಣಿಯಿತ್ತು. ಗಾಳಿ ಜೋರಿದ್ದ ದಿನ ಅರ್ಬಾಬ ಇವನನ್ನೂ ಹತ್ತಿಸಿಕೊಳ್ಳುತ್ತಿದ್ದ, ಭಾರಕ್ಕೆ. ಬೇರೆ ಕೆಲವು ದೋಣಿಗಳಲ್ಲೂ ಹಾಗೆಯೇ, ಗಾಳಿ ನೋಡಿ ಒಬ್ಬ ಆಳನ್ನು ಹೆಚ್ಚಿಗೆ ಕೂರಿಸುವುದು. ಆ ಆಳಿನ ಹೆಸರು ಪಂದ್ಯದ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಮರಳಿನ ಚೀಲದ ಹೆಸರನ್ನು ಯಾರಾದರೂ ಬರೆಯುತ್ತಾರಾ?

ಆ ಶುಕ್ರವಾರ ಶಮಾಲ್ ಎನ್ನುವ ಮರಳುಗಾಳಿ ಎದ್ದಿತ್ತು. ಕಡಲೂ ಆಕಾಶವೂ ಧೂಳಿನಲ್ಲಿ ಒಂದೇ ಬಣ್ಣ, ಯಾವ ದೋಣಿಯಲ್ಲಿ ಯಾರೆಂದು ಕಾಣುವಂತಿರಲಿಲ್ಲ. ಅಣ್ಣ ಲಾಂಚಿನಲ್ಲಿ ಹೋಗಿ ಕಷ್ಟಪಟ್ಟು ಒಂದು ರೋಲು ತೆಗೆದು ತಂದರು. ಸಂಜೆಯೇ ತೊಳೆದು, ಹನ್ನೆರಡೂ ಚಿತ್ರಗಳನ್ನು ನೆಗೆಟಿವ್‌ನ ಅಳತೆಯಲ್ಲೇ ಒಂದು ಹಾಳೆಗೆ ಇಳಿಸಿ, ಬೋರ್ಡಿಗೆ ಹೋಗಬೇಕಾದ ಆರಕ್ಕೆ ಗುರುತು ಹಾಕಿಟ್ಟು ರೂಮಿಗೆ ಹೋದರು. ಭಾವ ಬಂದಿರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಅಣ್ಣ ಟುಬ್ಲಿಗೆ ಓಡಿದರು. ಅವನು ನಿನ್ನೆ ದೋಣಿಗೇ ಬರಲಿಲ್ಲ, ರಜೆ ಕೇಳಿ ಎಲ್ಲಿಗೋ ಹೋದ ಎಂದು ಅರ್ಬಾಬ ಹೇಳಿದ. ದೋಣಿಯಲ್ಲಿದ್ದ ಇನ್ನಿಬ್ಬರೂ ಹಾಗೆಯೇ ಹೇಳಿದರು. ಅಣ್ಣ ಸಲ್ಮಾಬಾದಿನ ಕೆಲಸಗಾರರ ಕ್ಯಾಂಪುಗಳನ್ನೆಲ್ಲ ಸುತ್ತಿದರು, ಆಸ್ಪತ್ರೆಗೆ ಹೋದರು. ಎಲ್ಲಿಯೂ ಇಲ್ಲ. ಆ ಕಾಲದಲ್ಲಿ ಕೆಲಸ ಕೊಟ್ಟ ಕಫೀಲನನ್ನು ಬಿಟ್ಟು ಬೇರೆ ಕೆಲಸಕ್ಕೆ ಓಡಿಹೋಗುವವರು ಬೇಕಾದಷ್ಟು ಜನ ಇದ್ದರು. ಇವನೂ ಓಡಿಹೋದವರ ಪಟ್ಟಿಗೆ ಸೇರಿದ. ಲಾಂಚಿನಲ್ಲಿ ಆಚೆ ದಡಕ್ಕೆ ದಾಟಿದ್ದಾನೆ ಎಂದವರಿದ್ದರು, ಯಾರದೋ ಹಿಂದೆ ಹೋಗಿದ್ದಾನೆ ಎಂದವರೂ ಇದ್ದರು.

ಅದೇ ಶನಿವಾರ, ಅಣ್ಣ ಊರೆಲ್ಲ ಹುಡುಕುತ್ತಿರುವಾಗ, ನಾನು ಅವರು ಗುರುತು ಹಾಕಿಟ್ಟ ಆರು ನೆಗೆಟಿವ್‌ಗಳನ್ನು ಹಿಡಿದು ಕೂತಿದ್ದೆ. ಧೂಳಿನ ದಿನದ ಫಿಲ್ಮ್, ಚುಕ್ಕಿಗಳು ಲೆಕ್ಕವಿಲ್ಲದಷ್ಟು. ಅಣ್ಣನಿಗೆ ಈ ಗಲಾಟೆಯಲ್ಲಿ ಕೆಲಸದ ಚಿಂತೆಯಾದರೂ ಇಲ್ಲದಿರಲಿ ಎಂದು ಊಟಕ್ಕೂ ಏಳದೆ ಒಂದೊಂದನ್ನೂ ತುಂಬಿದೆ. ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಹತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅಣ್ಣ ಆ ಹಾಳೆಯನ್ನು ತೆಗೆದುಕೊಂಡು ಕೂತರು. ಆ ದಿನ ಅರ್ಬಾಬನ ದೋಣಿಯಲ್ಲಿ ಎಷ್ಟು ಜನ ಇದ್ದರು ಎಂದು ಎಣಿಸುವ ಯೋಚನೆ ಅವರಿಗೆ ಆಗ ಬಂತು. ಪಂದ್ಯದ ಮೊದಲ ಚಿತ್ರದಲ್ಲಿ ನಾಲ್ಕು ಬೆನ್ನು. ಮುಖ ಕಾಣುವುದಿಲ್ಲ, ನೀರಿನ ಎರಚಲು. ಕೊನೆಯ ಚಿತ್ರದಲ್ಲಿ ಮೂರೇ ಬೆನ್ನು. ನಡುವೆ ಒಂದಿತ್ತು, ದೋಣಿಗಳೆಲ್ಲ ನೀರಿನಲ್ಲಿ ತೇಲುವ ಬೋಯ್ ಗುರುತನ್ನು ಸುತ್ತಿ ತಿರುಗುವ ಚಿತ್ರ. ಅದರಲ್ಲಿ ಅರ್ಬಾಬನ ದೋಣಿಯ ಹಿಂದೆ, ಖಾಲಿ ನೀರಿನಲ್ಲಿ, ಸಾಸಿವೆಗಿಂತ ಸಣ್ಣದೊಂದು ಕಪ್ಪು ಚುಕ್ಕಿ. ದೊಡ್ಡದು ಮಾಡಿ ನೋಡೋಣವೆಂದು ಅವರು ನೆಗೆಟಿವ್ ಹಿಡಿದು ಡಾರ್ಕ್ ರೂಮಿಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒದ್ದೆ ಕಾಗದವಿತ್ತು. ನನ್ನ ಮೇಜಿನ ಮೇಲೆ ಮೊದಲಿನ ಹಾಳೆಯನ್ನೂ ಅದನ್ನೂ ಪಕ್ಕಪಕ್ಕ ಇಟ್ಟರು.

“ಬಾಯಮ್ಮ, ಇಲ್ಲೊಂದ್ ಚುಕ್ಕಿ ಇದ್ದಿತ್ತಲ, ಎಲ್ಲ್ ಹೋಯ್ತ್?”

ಯಾವ ಚುಕ್ಕಿ ಎಂದು ಕೇಳಿದೆ. ನಿಜಕ್ಕೂ ನನಗೆ ನೆನಪಿರಲಿಲ್ಲ, ಆ ದಿನ ನೂರಾರು ತುಂಬಿದ್ದೆ. ಅವರು ಬೆರಳಿಟ್ಟು ತೋರಿಸಿದರು. ಒದ್ದೆ ಕಾಗದದಲ್ಲಿ ಕಡಲು ಚೊಕ್ಕವಾಗಿತ್ತು. ಅಣ್ಣ ಏನನ್ನು ಹುಡುಕುತ್ತಿದ್ದಾರೆ ಎಂದು ಆ ಕ್ಷಣಕ್ಕೆ ಹೊಳೆಯಿತು.

ನಾನು ಆ ನೆಗೆಟಿವ್ ಕಿತ್ತುಕೊಂಡು ನೀರಿಗೆ ಹಾಕಿದೆ. ಬಣ್ಣ ಬಿಡಲಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದೆ, ಅಮೋನಿಯಾ ಹನಿ ಹಾಕಿದೆ, ಬೆರಳಿನಿಂದ ಉಜ್ಜಿದೆ. ಕೊನೆಗೆ ಆ ಜಾಗದ ಪದರವೇ ಉಬ್ಬಿ ಸುಕ್ಕುಗಟ್ಟಿತು. ಚುಕ್ಕಿಯೂ ಇಲ್ಲ, ಕಡಲೂ ಇಲ್ಲ, ಒಂದು ಕಲೆ ಮಾತ್ರ. ಅಣ್ಣ ನಿಧಾನಕ್ಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ನಾನು ಅಳುತ್ತಿದ್ದೆ. ಬೈಯಿರಿ ಅಣ್ಣ, ಏನಾದರೂ ಹೇಳಿ ಎಂದೆ.

“ನೀವ್ ತಪ್ಪ್ ಮಾಡ್ಲಿಲ್ಲ. ಕಡಲ್ ಚೊಕ್ಕ ಇರ್ಕ್ ಅಂದದ್ ನಾನೇ.”

ಒಂದು ಪೆಟ್ಟು ಕೊಟ್ಟಿದ್ದರೆ ಇಷ್ಟು ವರ್ಷ ನೋಯುತ್ತಿರಲಿಲ್ಲವೇನೋ. ಅವರು ಆ ಹಾಳೆಯನ್ನೂ ಹಾಳಾದ ನೆಗೆಟಿವ್ ಅನ್ನೂ ಹಿಡಿದು ಠಾಣೆಗೆ ಹೋದರು, ನಾನೂ ಜೊತೆಗೆ ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ ಚಹಾ ತರಿಸಿದ. ಒಬ್ಬ ಪಠಾಣ ಹಿಂದಿಯಲ್ಲಿ ನಮಗೆ ಅರ್ಥ ಹೇಳುತ್ತಿದ್ದ. ಮುಖ ಕಾಣದ ನಾಲ್ಕನೆಯ ಬೆನ್ನು ಯಾರದ್ದೂ ಇರಬಹುದು, ಮೂರೇ ಬೆನ್ನಿನ ಚಿತ್ರದಲ್ಲಿ ಅವನು ಹಾಯಿಯ ಮರೆಯಲ್ಲಿ ಇರಬಹುದು ಎಂದ. ಆಮೇಲೆ ನೆಗೆಟಿವ್ ಬೆಳಕಿಗೆ ಹಿಡಿದು, ಇದನ್ನು ಯಾಕೆ ಹೀಗೆ ಮಾಡಿದ್ದೀರಿ ಎಂದು ಕೇಳಿದ. ಇಂಥ ಚುಕ್ಕಿಗಳನ್ನು ಅಳಿಸುವುದೇ ನನ್ನ ಕೆಲಸ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಧಿಕಾರಿ ನನ್ನನ್ನೂ ಆ ಹಾಳೆಯನ್ನೂ ನೋಡಿದ. ಚುಕ್ಕಿ ಅಳಿಸಲು ಇಷ್ಟು ಚೆನ್ನಾಗಿ ಬರುವವರಿಗೆ ಚುಕ್ಕಿ ಇಡಲು ಬರುವುದಿಲ್ಲವೇ ಎಂದು ಬಹಳ ಮೆತ್ತಗೆ ಕೇಳಿದ. ಅಣ್ಣ ಹಾಳೆ ಎತ್ತಿಕೊಂಡು ಎದ್ದರು.

ಅಷ್ಟರಲ್ಲಿ ಊರಿನಿಂದ ತಂಗಿಯ ಕಾಗದ ಬಂತು. ಅಣ್ಣ ಅದನ್ನು ನನಗೆ ಓದಲು ಕೊಟ್ಟರು. ದುಡ್ಡಿನ ಮಾತು ಒಂದೂ ಇರಲಿಲ್ಲ. ಅವರು ಇದ್ದಾರೋ ಇಲ್ಲವೋ ಅಷ್ಟು ಹೇಳು ಎಂದು ಬರೆದಿದ್ದಳು. ಕುಂಕುಮ ಇಟ್ಟುಕೊಂಡು ಹೊರಗೆ ಹೋದರೆ, ಓಡಿಹೋದವನ ಹೆಂಡತಿಗೆ ಸಿಂಗಾರ ನೋಡಿ ಎಂದು ಕೇರಿಯವರು ಆಡಿಕೊಳ್ಳುತ್ತಾರೆ. ಅಳಿಸಲು ಹೋದರೆ, ಬದುಕಿರುವ ನನ್ನ ಮಗನನ್ನು ಕೊಲ್ಲುತ್ತೀಯಾ ಎಂದು ಅತ್ತೆ ಕೈ ಹಿಡಿಯುತ್ತಾರೆ. ದಿನಾ ಬೆಳಿಗ್ಗೆ ಕನ್ನಡಿಯ ಎದುರು ನಿಂತು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ ಎಂದು ಬರೆದಿದ್ದಳು. ನೀನು ಏನು ಹೇಳುತ್ತೀಯೋ ಅದನ್ನು ಮಾಡುತ್ತೇನೆ ಎಂಬುದು ಕೊನೆಯ ಸಾಲು. ಓದಿ ಮುಗಿಸಿ ಮೊದಲಿನ ಹಾಗೆ ಮಡಚಿ ಅಣ್ಣನ ಎದುರಿಗಿಟ್ಟೆ.

“ಬಾಯಮ್ಮ, ಅದನ್ನ ದೊಡ್ಡದಾಯ್ ಕಂಡವ್ರ್ ನೀವೊಬ್ರೇ. ಅದ್ರಂಗೆ ಕೈ ಇದ್ದಿತಾ? ನೆನಪ್ ಮಾಡಿ ಹೇಳಿ.”

ನಾನು ಏನನ್ನು ನೆನಪು ಮಾಡಲಿ? ಚುಕ್ಕಿ ತುಂಬುವವಳು ಚುಕ್ಕಿ ಏನೆಂದು ನೋಡುವುದಿಲ್ಲ, ಎಲ್ಲಿದೆಯೆಂದು ನೋಡುತ್ತಾಳೆ. ಸೂಜಿಗೆ ನೂಲು ಪೋಣಿಸುವಾಗ ತೂತಿನ ಆಚೆ ಏನಿದೆ ಎಂದು ಯಾರು ನೋಡುತ್ತಾರೆ? ಭೂತಗನ್ನಡಿಯ ಕೆಳಗೆ ಆ ಜೀವ ನನ್ನ ಕಣ್ಣೆದುರಿಗೇ ಬಂದು ನಿಂತಿದ್ದಿರಬಹುದು. ನಾನು ನಾಲಿಗೆಯಲ್ಲಿ ಕುಂಚದ ಮೊನೆ ಮಾಡಿಕೊಂಡು ಅದರ ಮೇಲೆ ನೀರು ಬಳಿದಿದ್ದೆ. ಅಣ್ಣ ಕಾಯುತ್ತಾ ಕೂತಿದ್ದರು.

“ಇತ್ತು ಅಣ್ಣ. ತಲೆ ಇತ್ತು, ಒಂದು ಕೈ ಮೇಲೆ ಎತ್ತಿದ ಹಾಗೆ ಇತ್ತು” ಎಂದೆ.

ಅವರು ತುಂಬ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಸರಿ ಎಂದು ಎದ್ದುಹೋಗಿ ತಂಗಿಗೆ ಕಾಗದ ಬರೆದರು. ಊರಿನಲ್ಲಿ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸಿದರು ಎಂದು ಒಂದು ತಿಂಗಳಿನ ಮೇಲೆ ತಿಳಿಯಿತು. ನಾನು ಇಗರ್ಜಿಗೆ ಹೋಗಿ ಪಾದ್ರಿಯ ಹತ್ತಿರ ಒಂದು ಸುಳ್ಳು ಹೇಳಿದ್ದೇನೆ ಎಂದು ಪಾಪನಿವೇದನೆ ಮಾಡಿದೆ. ಹತ್ತು ನಮೋ ಮರಿಯೆ ಪ್ರಾರ್ಥನೆ ಹೇಳಲು ಕೊಟ್ಟರು, ಹೇಳಿದೆ. ಚುಕ್ಕಿ ತುಂಬಿದ್ದನ್ನು ಮಾತ್ರ ಅಲ್ಲಿಯೂ ಹೇಳಲಿಲ್ಲ. ಅದು ಪಾಪವೋ ಕೆಲಸವೋ ನನಗೇ ತಿಳಿಯಲಿಲ್ಲ.

ಅಣ್ಣ ಮತ್ತೆ ಪಂದ್ಯದ ಫೋಟೋ ತೆಗೆಯಲಿಲ್ಲ. ಕ್ಲಬ್ಬಿನವರು ಎರಡು ಸಲ ಕಾರು ಕಳಿಸಿದರು, ಕಣ್ಣು ಸರಿಯಿಲ್ಲ ಎಂದು ಇವರು ಹೇಳಿ ಕಳಿಸಿದರು. ಶುಕ್ರವಾರ ರೂಮಿನಲ್ಲಿ ಮಲಗಿರುತ್ತಿದ್ದರು. ಬಣ್ಣದ ಲ್ಯಾಬುಗಳು ಬಂದು ನಮ್ಮ ಕೆಲಸಕ್ಕೆ ಬೆಲೆ ಇಲ್ಲದಾಗುವವರೆಗೆ, ಇನ್ನೂ ಆರು ವರ್ಷ, ಅವರು ಪಾಸ್‌ಪೋರ್ಟ್ ಫೋಟೋ ತೆಗೆದರು, ನಾನು ಮುಖಗಳ ಮೇಲಿನ ಚುಕ್ಕಿ ತುಂಬಿದೆ. ಸಂಜೆ ನಾಲ್ಕಕ್ಕೆ ಅದೇ ಮೇಜಿನ ಆಚೆ ಈಚೆ ಕೂತು ಚಹಾ ಕುಡಿಯುತ್ತಿದ್ದೆವು. ಇವತ್ತು ನಿಜ ಹೇಳಿಬಿಡಬೇಕು ಎಂದು ಎಷ್ಟು ಸಲ ಬಾಯಿ ತೆರೆದೆನೋ... ಹೇಳಿದರೆ ಅವರು ತಂಗಿಗೆ ಬರೆದದ್ದೂ ಸುಳ್ಳಾಗುತ್ತದಲ್ಲ ಎಂದು ಹೆದರಿ ಬಿಸ್ಕೆಟ್ಟಿನ ಮಾತೋ ಸೆಕೆಯ ಮಾತೋ ಆಡುತ್ತಿದ್ದೆ. ಜೀವಮಾನವಿಡೀ ಬೇಡದ್ದನ್ನೆಲ್ಲ ಆಡಿದ ಈ ಬಾಯಿ, ಬೇಕಾದ ಒಂದು ಮಾತಿಗೆ ಮಾತ್ರ ಮುಚ್ಚಿಕೊಂಡಿತು.

ಹೋದ ವರ್ಷ ಅಣ್ಣ ಗಂಗೊಳ್ಳಿಯಲ್ಲಿ ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಹದಿಮೂರು ದಿನ ಕಳೆದಿತ್ತು. ಮಗನ ಕಾರಿನಲ್ಲಿ ಹೋದೆ. ಗೋಡೆಯ ಮೇಲೆ ಅವರ ಒಂದು ಫೋಟೋ ಇತ್ತು, ಯಾರೋ ಮೊಬೈಲಿನಲ್ಲಿ ತೆಗೆದದ್ದು, ಕಣ್ಣು ಅರ್ಧ ಮುಚ್ಚಿತ್ತು. ಇಡೀ ಜೀವನ ಬೇರೆಯವರ ಕಣ್ಣು ತೆರೆಸಿ ಕೂರಿಸಿದ ಮನುಷ್ಯನಿಗೆ ಒಂದು ಒಳ್ಳೆಯ ಫೋಟೋ ಇರಲಿಲ್ಲ. ನನಗೆ ದುಃಖ ತಡೆಯಲಾಗಲಿಲ್ಲ.

ತಂಗಿಯನ್ನು ನಾನು ಕಂಡದ್ದು ಆಗಲೇ ಮೊದಲು. ಬೋಳು ಹಣೆ, ಬರಿಗೈ, ತಲೆಯೆಲ್ಲ ಬಿಳಿ. ನನ್ನ ಮಾತಿನಿಂದ ಹಾಗಾದದ್ದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಗ ಹೊರಗೆ ಹೋದ ಮೇಲೆ ಅವಳ ಕೈ ಹಿಡಿದುಕೊಂಡು ಹೇಳಲು ಶುರುಮಾಡಿದೆ. ಆ ಚುಕ್ಕಿಯಲ್ಲಿ ಕೈ ಕಂಡೆ ಎಂದದ್ದು... ಎನ್ನುವಷ್ಟರಲ್ಲಿ ಅವಳು ತಡೆದಳು.

“ಅಣ್ಣ ಕಡೆಗ್ ಎಲ್ಲ ಹೇಳಿದ, ಬಾಯಮ್ಮ. ಅಷ್ಟ್ ಸಣ್ಣದ್ರಂಗೆ ಕೈ ಕಾಂಬುಕೆ ಸಿಕ್ಕುದಿಲ್ಲ, ನೀವ್ ನಮಗೋಸ್ಕರ ಹೇಳದ್ದ್ ಅಂತ ಅವನಿಗ್ ಅವತ್ತೇ ಗೊತ್ತಾಯ್ತ್. ನಿಮಗ್ ಮಾತ್ರ ಹೇಳ್ಬೇಡ ಅಂದಿದ್ದ, ಬೇಜಾರ್ ಮಾಡ್ಕಂಬ್ರ್ ಅಂತ.”

ಆಮೇಲೆ, ಬದುಕಿದ್ದರೆ ಅವರು ಬರುತ್ತಿದ್ದರು, ಅದು ನನಗೆ ಮೊದಲೇ ಗೊತ್ತಿತ್ತು, ಅತ್ತೆಯನ್ನು ಒಪ್ಪಿಸಲು ಯಾರಾದರೂ ಒಬ್ಬರು ಕಂಡೆ ಎನ್ನಬೇಕಿತ್ತು ಎಂದಳು. ನನಗೆ ಸಮಾಧಾನ ಹೇಳಲು ಹಾಗೆಂದಳೋ ಏನೋ, ಕೇಳುವ ಧೈರ್ಯವಾಗಲಿಲ್ಲ. ಮೀನು ಹುರಿದು ಬಡಿಸಿದಳು. ತಿಂದು ಬಂದೆ.

ಆರು ವರ್ಷ. ಆ ಮೇಜಿನ ಆಚೆ ಬದಿಗೆ ಕೂತು ಅವರು ದಿನಾ ನನ್ನ ಸುಳ್ಳನ್ನು ನೋಡುತ್ತಾ ಚಹಾ ಕುಡಿದಿದ್ದರು, ಒಂದು ದಿನವೂ ಮುಖದಲ್ಲಿ ತೋರಿಸಲಿಲ್ಲ. ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ, ದಡ್ಡಿ. ಸತ್ತನೋ ಇಲ್ಲವೋ ಗೊತ್ತಿಲ್ಲದ ಭಾವನನ್ನು, ಸತ್ತ ಎಂದು ತಮ್ಮ ಕೈಯಾರೆ ಬರೆದ ಭಾರವನ್ನು ಅವರೊಬ್ಬರೇ ಹೊತ್ತಿದ್ದರು. ಅದರ ಮೇಲೆ ನನ್ನದನ್ನೂ ಹೊತ್ತರು. ಅಣ್ಣ, ನನ್ನನ್ನು ಕ್ಷಮಿಸಿದ್ದೀರಾ ಎಂದು ಒಂದು ಮಾತು ಕೇಳಬೇಕಿತ್ತು. ಫೋನ್ ನಂಬರು ಇತ್ತು, ಬಸ್ಸು ಇತ್ತು, ಎರಡು ಗಂಟೆಯ ದಾರಿ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮೂವತ್ತೈದು ವರ್ಷ ಕೂತಿದ್ದೆ. ಈಗ ಕೇಳೋಣವೆಂದರೆ ಅವರಿಲ್ಲ.